ಸಾಕ್ಷಿಗೆ ಬೇಕಾದ ಹಲ್ಲು

"ಇದೇ ಕೈ!" ಎಂದು ಗುಂಡಿಯಮ್ಮನ ಮಗ ಬಲಗೈಯನ್ನು ತಲೆಯ ಮೇಲಕ್ಕೆತ್ತಿ ಸಭೆಗೆಲ್ಲ ತೋರಿಸಿದ. "ನನ್ನ ಹೆಂಡತಿಯ ಹಲ್ಲು ಉದುರಿಸಿದ ಕೈ ಇದೇ. ಹಲ್ಲು ನೆಲಕ್ಕೆ ಬಿತ್ತು. ಅದನ್ನ ಕಾಲಲ್ಲಿ ಒದ್ದು ಮಂಚದ ಕೆಳಗೆ ತಳ್ಳಿದೆ. ಅಂಥ ಪಾಪಿ ನಾನು!"

ಹಿಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು.

"ಈಗ ನೋಡಿ. ಇದೇ ಕೈಯನ್ನ ಕರ್ತನು ಸ್ತೋತ್ರಕ್ಕೆ ಎತ್ತಿಸಿದ್ದಾನೆ!"

"ಹಲ್ಲೆಲೂಯಾ!" ಎಂದು ಸಭೆ ಒಂದೇ ಬಾಯಲ್ಲಿ ಕೂಗಿತು. ಚಪ್ಪಾಳೆ ಬಿತ್ತು. ಚಪ್ಪಾಳೆಯ ಜೊತೆಗೇ ಹೆಂಗಸರ ಸಾಲುಗಳಲ್ಲಿ ಕತ್ತುಗಳು ಒಂದೊಂದಾಗಿ ಸೊಸೆಯ ಕಡೆ ತಿರುಗಿದವು. ಮುಂದಿನ ಬೆಂಚಿನ ಒಬ್ಬಳಂತೂ ಪೂರ್ತಿ ತಿರುಗಿ ಕೂತು ನೋಡಿದಳು, ಸಿನಿಮಾ ನೋಡಿ ಬಂದವರು ಶೂಟಿಂಗ್ ಆದ ಜಾಗವನ್ನು ನೋಡುವ ಹಾಗೆ. ಸೊಸೆ ತುಟಿಗಳನ್ನು ಒಳಕ್ಕೆಳೆದುಕೊಂಡು ನೆಲ ನೋಡುತ್ತಿದ್ದಳು. ಪಕ್ಕದಲ್ಲಿ ಕೂತ ಅತ್ತೆಗೆ ಮಾತ್ರ ಕಣ್ಣು ತುಂಬಿ ಬಂದಿತ್ತು. ಅದು ಸಂತೋಷದ ನೀರು.

ಆ ಸಭೆಯಲ್ಲಿ 'ಸಾಕ್ಷಿ' ಅಂದರೆ ಕೋರ್ಟು ಕಚೇರಿಯ ಮಾತಲ್ಲ. ಹಿಂದೆ ಎಂಥವನಾಗಿದ್ದೆ, ದೇವರು ಹೇಗೆ ಹಿಡಿದು ನಿಲ್ಲಿಸಿದ, ಈಗ ಎಂಥವನಾಗಿದ್ದೇನೆ ಎಂದು ಎದ್ದು ನಿಂತು ಹೇಳುವುದು ಸಾಕ್ಷಿ. ಪಾಪ ದೊಡ್ಡದಾದಷ್ಟೂ ಸಾಕ್ಷಿ ದೊಡ್ಡದು. ಅತ್ತೆಗೆ ಅಂಥದ್ದೇನೂ ಇರಲಿಲ್ಲ. ಮನೆಯಲ್ಲಿ ಕೂತು ದರ್ಜಿಯವರ ಶರ್ಟುಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವ ಹೆಂಗಸು ಆಕೆ, ಬೀದಿಗೆಲ್ಲ ಗುಂಡಿಯಮ್ಮ. "ನೀವೂ ಒಂದು ದಿನ ಸಾಕ್ಷಿ ಹೇಳಿ ಗುಂಡಿಯಮ್ಮ" ಎಂದು ಯಾರಾದರೂ ಅಂದರೆ, "ನನ್ನ ಹತ್ರ ಎಲ್ಲಿ ಸಾಕ್ಷಿ ತಾಯಿ? ಹುಟ್ಟಿದಾಗಿಂದ ಇಲ್ಲೇ ಬಿದ್ದಿದೀನಿ" ಎಂದು ಸಂಕೋಚದಿಂದ ನಗುತ್ತಿದ್ದಳು. ಈಗ ಮಗನಿಗೆ ಸಾಕ್ಷಿ ಇತ್ತು. ಬೇರೆ ಬೇರೆ ಸಭೆಗಳಿಂದ ಕರೆ ಬರುತ್ತಿತ್ತು. ಅಷ್ಟು ಸಾಕಾಗಿತ್ತು ಅವಳಿಗೆ.

ಮಗನದು ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗು ತೆಗೆಯುವ ಕೆಲಸ. ತಗಡಿನ ಹಿಂದೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ಬಡಿದನೆಂದರೆ ಬಾಗಿಲು ಮೊದಲಿನಂತೆ ಸಪಾಟಾಗುತ್ತಿತ್ತು. ವರ್ಕ್‌ಶಾಪಿನಲ್ಲಿ ಅವನನ್ನು ಸುತ್ತಿಗೆಯಣ್ಣ ಎಂದೇ ಕರೆಯುವುದು.

ಸಭೆ ಮುಗಿಸಿ ಬಂದು ಊಟಕ್ಕೆ ಕೂತಾಗ ಸೊಸೆ ಅನ್ನ ಬಡಿಸುತ್ತ ಹೇಳಿದಳು: "ಇನ್ಮೇಲೆ ನನ್ನ ಹಲ್ಲು ಬಿಟ್ಟು ಸಾಕ್ಷಿ ಹೇಳಿ."

"ಹಲ್ಲು ಬಿಟ್ಕೊಂಡು ಹೇಳ್ಲಾ?" ಮಗ ಹಲ್ಲು ಕಿಸಿದು ತೋರಿಸಿದ. ಮೊಮ್ಮಗಳು ಗುಬ್ಬಿ ಕಿಲಕಿಲ ನಕ್ಕಿತು.

"ತಮಾಷೆ ಅಲ್ಲ. ಎಲ್ಲರೂ ನನ್ನ ಬಾಯೊಳಗೆ ಇಣುಕ್ತಾರೆ. ಲಾಂಡ್ರಿಯಲ್ಲಿ ಜೊತೆ ಕೆಲಸದವಳು ಕೇಳಿದ್ಲು, ನಿಮ್ಮ ಯಜಮಾನ್ರು ಹೇಳ್ತಾರಲ್ಲ, ಅದು ಮೇಲಿನದಾ ಕೆಳಗಿನದಾ ಅಂತ. ನಾನು ಹಲ್ಲು ಕಟ್ಟಿಸ್ಕೊಳ್ತೀನಿ."

"ಬೇಡ."

"ಯಾಕೆ? ನನ್ನ ಸಂಬಳದಲ್ಲೇ ಕಟ್ಟಿಸ್ಕೊಳ್ತೀನಿ."

"ದುಡ್ಡಿನ ಮಾತಲ್ಲ. ಅದು ಸಾಕ್ಷಿ." ಮಗ ಕೋಳಿಯ ಮೂಳೆಯನ್ನು ತಟ್ಟೆಯ ಅಂಚಿಗಿಟ್ಟ. "ಜನ ಕಣ್ಣಾರೆ ನೋಡಿದ್ರೆ ನಂಬ್ತಾರೆ. ಆ ಹಲ್ಲಿನ ಸಂದಿಯಲ್ಲಿ ದೇವರು ಎಷ್ಟು ಜನರನ್ನ ಕರ್ಕೊಂಡ್ ಬಂದಿದಾನೆ ಗೊತ್ತಾ ನಿನಗೆ?"

"ಹಾಗಾದ್ರೆ ನಿಮ್ಮ ಹಲ್ಲೇ ಒಂದು ಕೀಳಿಸ್ಕೊಳ್ಳಿ. ಇನ್ನೂ ಹೆಚ್ಚು ಜನ ಬರ್ತಾರೆ."

ಮಗನ ಮುಷ್ಟಿ ಮೇಜಿಗೆ ಬಿತ್ತು. ನೀರಿನ ಲೋಟ ಉರುಳಿ ಗುಬ್ಬಿಯ ತಟ್ಟೆಯ ಅನ್ನವೆಲ್ಲ ನೆಂದುಹೋಯಿತು. ಆಮೇಲೆ ಅವನು ಕಣ್ಣು ಮುಚ್ಚಿಕೊಂಡು, "ಸ್ತೋತ್ರ, ಸ್ತೋತ್ರ, ಸ್ತೋತ್ರ" ಎಂದು ಹಲ್ಲು ಕಚ್ಚಿ ಹೇಳಿ, ಎದ್ದು ಕೋಣೆಗೆ ಹೋದ.

"ನೋಡಿದ್ಯಾ?" ಗುಂಡಿಯಮ್ಮ ಸೊಸೆಗೆ ಪಿಸುಗುಟ್ಟಿದಳು. "ಮೊದಲಾಗಿದ್ರೆ ಆ ಲೋಟ ನಿನ್ನ ಮುಖಕ್ಕೆ ಬರ್ತಿತ್ತು. ತಡ್ಕೊಂಡ. ನೀನೂ ಸ್ವಲ್ಪ ತಡ್ಕೋ."

ಮುಖಕ್ಕೆ ಬರಲಿಕ್ಕೆ ವಾರ ಹಿಡಿಯಲಿಲ್ಲ.

ಆ ದಿನ ಕಾರಿನ ಮಾಲೀಕನೊಬ್ಬ, ಬಾಗಿಲು ಸರಿಯಾಗಿ ಕೂತಿಲ್ಲವೆಂದು ಎಲ್ಲರೆದುರು ಮಗನನ್ನು ನಾಯಿಗೆ ಬೈದ ಹಾಗೆ ಬೈದಿದ್ದನಂತೆ. ಸಂಜೆ ಬಂದವನು ಕೈ ಕೂಡ ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಊಟ?"

"ಈಗಷ್ಟೇ ಬಂದೆ. ಒಲೆ ಮೇಲಿದೆ."

"ಇಡೀ ದಿನ ಕಬ್ಬಿಣ ಬಡಿದು ಬರ್ತೀನಿ. ಮನೆಗೆ ಬಂದ್ರೆ ಒಲೆ ಮೇಲಿದೆ!"

"ನಾನೇನು ಇಡೀ ದಿನ ಮಲಗಿದ್ನಾ? ಹೋಟ್ಲಿನ ಬೆಡ್‌ಶೀಟೆಲ್ಲ ಮಡಿಚಿ ತೋಳು ಬಿದ್ದುಹೋಗಿದೆ."

"ತೋಳು ಬಿದ್ದುಹೋಗಿದ್ಯಾ? ಎಲ್ಲಿ, ನೋಡೋಣ."

ಅವನು ಅವಳ ಬಲಗೈ ಹಿಡಿದು ಅಡುಗೆ ಕಟ್ಟೆಯ ಅಂಚಿನ ಮೇಲಿಟ್ಟು ಕೆಳಕ್ಕೆ ಒತ್ತಿದ. ತಗಡು ಬಗ್ಗಿಸುವವನಿಗೆ ಎಲ್ಲಿ ಒತ್ತಬೇಕೆಂಬುದು ಗೊತ್ತಿರುತ್ತದೆ. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಸೊಸೆ ಕಿರುಚಿದಳು. ಅವಳ ಬಾಯಿ ಮುಚ್ಚಿಸಲು ಅವನು ಅಂಗೈಯಿಂದ ಒಮ್ಮೆ, ಕೈ ತಿರುವಿ ಇನ್ನೊಮ್ಮೆ ಬಾರಿಸಿದ. ಅವಳು ಒಲೆಯ ಪಕ್ಕಕ್ಕೆ ಕುಸಿದಳು. ಪಾತ್ರೆ ಉರುಳಿ ಕುದಿಯುತ್ತಿದ್ದ ಅನ್ನ ನೆಲಕ್ಕೆ ಹರಡಿತು.

"ಬಿಡೋ! ಬಿಡೋ ಪಾಪಿ!" ಎನ್ನುತ್ತ ಗುಂಡಿಯಮ್ಮ ಸೂಜಿ ಹಿಡಿದುಕೊಂಡೇ ಓಡಿ ಬಂದಳು. ಆದರೆ ಅವಳು ಮೊದಲು ಮಾಡಿದ ಕೆಲಸ ಬೀದಿ ಕಡೆಯ ಕಿಟಕಿ ಮುಚ್ಚಿದ್ದು.

ಕ್ಲಿನಿಕ್ಕಿನಲ್ಲಿ ಡಾಕ್ಟರು "ಏನಾಯ್ತು?" ಎಂದು ಸೊಸೆಯನ್ನು ಕೇಳಿದರು. ಗುಂಡಿಯಮ್ಮನೇ ಉತ್ತರ ಕೊಟ್ಟಳು: "ಬಚ್ಚಲಲ್ಲಿ ಜಾರಿ ಬಿದ್ಲು."

ಡಾಕ್ಟರು ಸೊಸೆಯ ಕೆನ್ನೆಯ ಮೇಲೆ ಎದ್ದಿದ್ದ ಕೆಂಪು ಬಾಸುಂಡೆಗಳನ್ನು ನೋಡಿದರು. "ಬಚ್ಚಲಿಗೆ ಬೆರಳು ಬೇರೆ ಇದ್ವಾ?"

ಗುಂಡಿಯಮ್ಮ ಸೊಸೆಯ ಸೆರಗೆಳೆದು ಆ ಕೆನ್ನೆ ಮುಚ್ಚಿದಳು. ಅವರು ಮತ್ತೊಮ್ಮೆ ಸೊಸೆಯ ಮುಖ ನೋಡಿ, ಅವಳೂ ಮಾತಾಡದಿದ್ದಾಗ ಪ್ಲಾಸ್ಟರ್ ಹಾಕಿ ಕಳಿಸಿದರು.

ದಾರಿಯಲ್ಲಿ ಸೊಸೆ ಹೇಳಿದಳು: "ಅತ್ತೆ, ನೀವು ಶರ್ಟಿಗೆ ಹಚ್ಚೋ ಗುಂಡಿನಾದ್ರೂ ಬಿಚ್ಚೋಕೆ ಬರತ್ತೆ. ನನ್ನ ಬಾಯಿಗೆ ಹಚ್ಚಿರೋದು?"

"ನನಗೂ ಬೀಳ್ತಿರ್ಲಿಲ್ವಾ? ನಿನ್ನ ಮಾವ ಸಾಯೋ ತನಕ ಹೊಡೆದ. ಇವನು ಬದಲಾಗ್ತಿದಾನೆ. ಎಷ್ಟು ತಿಂಗಳಾಗಿತ್ತು ಕೈ ಎತ್ತಿ?"

"ತಿಂಗಳಾ? ನೀವು ದರ್ಜಿ ಅಂಗಡಿಗೆ ಶರ್ಟು ಕೊಡೋಕೆ ಹೋದಾಗೆಲ್ಲ ಎತ್ತಿದಾರೆ. ಮೈ ಮೇಲೆ ಕಾಣದ ಕಡೆ."

ಗುಂಡಿಯಮ್ಮನ ಹೆಜ್ಜೆ ನಿಂತಿತು. ಮತ್ತೆ ನಡೆಯತೊಡಗಿದಾಗ ಅವಳ ಬಾಯಿಂದ ಬಂದದ್ದು ಬೇರೆಯೇ ಮಾತು. "ಅವನ ಸಾಕ್ಷಿ ಕೇಳಿ ಎಷ್ಟು ಜನ ಕುಡಿತ ಬಿಟ್ಟರು, ಎಷ್ಟು ಮನೆ ಉಳೀತು. ಇದು ಹೊರಗೆ ಬಿದ್ರೆ ಅವರ ನಂಬಿಕೆ ಬೀಳತ್ತೆ. ಆ ಪಾಪ ಯಾರ ತಲೆಗೆ?"

"ನಾನು ಬಿದ್ರೆ?" ಎಂದಳು ಸೊಸೆ.

ಮನೆಗೆ ಬಂದರೆ ಮಗ ತಾಯಿಯ ಮಡಿಲಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತ. "ಒಂದು ಕ್ಷಣ ಸೈತಾನ ಮೈಮೇಲೆ ಬಂದುಬಿಟ್ಟ ಅಮ್ಮ. ಯಾರಿಗೂ ಹೇಳ್ಬೇಡ. ಮುಂದಿನ ತಿಂಗಳು ಎಲ್ಲ ಸಭೆಗಳ ದೊಡ್ಡ ಕೂಟ ಇದೆ. ನನ್ನನ್ನೇ ಕರೆದಿದಾರೆ." ಗುಂಡಿಯಮ್ಮ ಅವನ ತಲೆ ನೇವರಿಸಿದಳು. ಒಳಗೆ ಸೊಸೆ ಒಂದೇ ಕೈಯಲ್ಲಿ ನೆಲದ ಅನ್ನ ಬಳಿಯುತ್ತಿದ್ದಳು.

ಶನಿವಾರ ಬಣ್ಣದವನು ಬಂದ. ವರ್ಕ್‌ಶಾಪಿನಲ್ಲಿ ಮಗ ಸಪಾಟು ಮಾಡಿದ ಬಾಗಿಲಿಗೆ ಬಣ್ಣ ಹೊಡೆಯುವವನು. ಹಿಂದೆ ಬೆಳಿಗ್ಗೆಯಿಂದಲೇ ತೂರಾಡುತ್ತಿದ್ದ ಮನುಷ್ಯ. ಮಗನ ಸಾಕ್ಷಿ ಕೇಳಿದ ದಿನ ಬಾಟಲಿ ಬಿಟ್ಟಿದ್ದ. ಅದರ ಋಣಕ್ಕೆಂದು ವಾರಕ್ಕೊಮ್ಮೆ ಒಂದು ಚೀಲ ಹಣ್ಣು ಹಿಡಿದು ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಯಾವಾಗಲೂ ಯಾವುದೋ ಕಾರಿನ ಬಣ್ಣ.

"ಅಯ್ಯೋ ಅಕ್ಕ! ಕೈಗೇನಾಯ್ತು?"

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ಕೈಯಲ್ಲಿದ್ದ ಶರ್ಟನ್ನು ನೋಡಿದಳು. "ಬಚ್ಚಲಲ್ಲಿ ಜಾರಿದ್ಲು."

"ಸೋಪಿನ ನೀರು ಬಲು ಕೆಟ್ಟದ್ದಮ್ಮ. ನೀವೇನೂ ಚಿಂತೆ ಮಾಡ್ಬೇಡಿ. ಬಣ್ಣಕ್ಕೆ ಸಣ್ಣ ಮರಳು ಬೆರೆಸಿ ನೆಲಕ್ಕೆ ಬಳಿದುಬಿಡ್ತೀನಿ. ಇರುವೆ ಕೂಡ ಜಾರಲ್ಲ."

ಬೇಡಪ್ಪ ಎಂದರೂ ಕೇಳಲಿಲ್ಲ. ಡಬ್ಬ, ಬ್ರಷ್ಷು ತಂದು ಪ್ಯಾಂಟು ಮಡಚಿ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತ. ಹಾಡಿಕೊಳ್ಳುತ್ತ ನೆಲಕ್ಕೆಲ್ಲ ಬೂದು ಬಣ್ಣ ಬಳಿದ. ಮಗ ಬಾಗಿಲಲ್ಲಿ ನಿಂತು "ದೇವರು ನಿನ್ನನ್ನ ಆಶೀರ್ವದಿಸಲಿ ತಮ್ಮಾ" ಎಂದ. ಹಣ ಕೊಡಹೋದರೆ ಬಣ್ಣದವನು ಕಿವಿ ಮುಟ್ಟಿಕೊಂಡ. "ನೀವು ನನ್ನನ್ನ ಚರಂಡಿಯಿಂದ ಎತ್ತಿದ್ರಿ ಅಣ್ಣ. ಇದೇನು ಮಹಾ."

ಅವನು ಹೋದ ಮೇಲೆ ಸೊಸೆ ಬಚ್ಚಲ ಬಾಗಿಲಲ್ಲಿ ನಿಂತು ಬಣ್ಣ ಒಣಗುವುದನ್ನೇ ನೋಡಿದಳು. "ಇನ್ನು ನಾನು ಎಲ್ಲಿ ಬೀಳ್ಬೇಕು ಅತ್ತೆ? ಜಾಗ ನೀವೇ ಹೇಳ್ಬಿಡಿ."

ಗುಂಡಿಯಮ್ಮನಿಗೆ ಅದು ನುಂಗಲಾರದ ತುತ್ತಾಯಿತು. ಆದರೂ ನುಂಗಿದಳು. ಕಕ್ಕಿಸಿದ್ದು ಗುಬ್ಬಿ.

ಮುಂದಿನ ಭಾನುವಾರ ಪಾಸ್ಟರ ಹೆಂಡತಿ ಗುಬ್ಬಿಯ ರಟ್ಟೆ ಹಿಡಿದುಕೊಂಡು ಬಂದಳು. ಮಕ್ಕಳ ಕ್ಲಾಸಿನಲ್ಲಿ ಗುಬ್ಬಿ ತನ್ನ ಗೆಳತಿಯನ್ನು ಮೆಟ್ಟಿಲ ಮೇಲಿಂದ ತಳ್ಳಿತ್ತು. ಆ ಹುಡುಗಿಯ ತುಟಿ ಸೀಳಿತ್ತು. "ಅದು ಹೋಗ್ಲಿ, ಮಕ್ಕಳು ಜಗಳ ಆಡ್ತಾವೆ. ಆಮೇಲೆ ಇವಳು ಬೆಂಚಿನ ಮೇಲೆ ಹತ್ತಿ ನಿಂತ್ಕೊಂಡು, ನಾನು ಇವಳನ್ನ ತಳ್ಳಿದ ಪಾಪಿ, ಈಗ ಬದಲಾಗಿದೀನಿ, ಎಲ್ಲರೂ ಚಪ್ಪಾಳೆ ತಟ್ಟಿ ಅಂದ್ಲು ಗುಂಡಿಯಮ್ಮ. ಪಕ್ಕದಲ್ಲೇ ಆ ಮಗು ರಕ್ತ ಸುರಿಸ್ತಾ ಅಳ್ತಿದೆ."

ಮನೆಗೆ ಬಂದು ಗುಂಡಿಯಮ್ಮ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ಯಾಕೆ ತಳ್ಳಿದೆ? ಅವಳೇನು ಮಾಡಿದ್ಲು?"

"ಏನೂ ಮಾಡ್ಲಿಲ್ಲ."

"ಮತ್ತೆ?"

"ನನ್ನ ಹತ್ರ ಸಾಕ್ಷಿ ಇರ್ಲಿಲ್ಲ ಅಜ್ಜಿ."

"ಏನಂದೆ?"

"ಮೊದಲು ಹೊಡೀಬೇಕಲ್ವಾ? ಇಲ್ಲಾಂದ್ರೆ ಸಾಕ್ಷಿಯಲ್ಲಿ ಏನಿರತ್ತೆ? ನಿನಗೂ ಅದಕ್ಕೇ ಇಲ್ಲ."

"ಆ ಮಗುಗೆ ರಕ್ತ ಬಂತಲ್ಲೇ, ಕತ್ತೆ!"

"ಬಂತು," ಎಂದಿತು ಗುಬ್ಬಿ, ಅಜ್ಜಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬಂತೆ. "ಆದ್ರೆ ಸಾಕ್ಷಿ ನಂದು ತಾನೆ."

ಗುಂಡಿಯಮ್ಮ ಕೈ ಎತ್ತಿದಳು. ಮಗು ಹೆದರಲಿಲ್ಲ, ಕಣ್ಣು ಮುಚ್ಚಿ, ಕೆನ್ನೆ ಸರಿಯಾಗಿ ತಿರುಗಿಸಿ, ಹೊಡೆತಕ್ಕೆ ಕಾದು ಕೂತಿತು. ಆ ಅಭ್ಯಾಸ ನೋಡಿ ಗುಂಡಿಯಮ್ಮನ ಕೈ ತಾನಾಗಿ ಇಳಿಯಿತು.

ಆ ವಾರವೆಲ್ಲ ಅವಳು ಸೂಜಿಯಿಂದ ಬೆರಳು ಚುಚ್ಚಿಕೊಂಡಳು. ಒಂದು ಬೆಳಿಗ್ಗೆ ಮಗ ಕೆಲಸಕ್ಕೆ ಹೋದ ಮೇಲೆ ಚಪ್ಪಲಿ ಮೆಟ್ಟಿ ಸೊಸೆಯೆದುರು ನಿಂತಳು. "ನಡಿ."

"ಎಲ್ಲಿಗೆ ಅತ್ತೆ?"

"ಹಲ್ಲು ಕಟ್ಟಿಸೋಕೆ."

"ಇವರು?"

"ನಾನು ಕಟ್ಟಿಸಿದೆ ಅಂತ ಹೇಳ್ತೀನಿ. ಹಲ್ಲು ಕೊಟ್ಟ ದೇವರು ಸಂದಿ ಇರ್ಲಿ ಅಂತ ಹೇಳಿರ್ಲಿಲ್ಲ."

ಹಲ್ಲಿನ ಡಾಕ್ಟರ ಬಳಿ ಮೂರು ನಾಲ್ಕು ಸಲ ಓಡಾಡಬೇಕಾಯಿತು. ಕೊನೆಯದಾಗಿ ಹಲ್ಲು ಕೂರಿಸಿದ್ದು ಕೂಟದ ಹಿಂದಿನ ದಿನ. ಕನ್ನಡಿ ಕೊಟ್ಟಾಗ ಸೊಸೆ ತುಟಿ ಬಿಚ್ಚಿ ನೋಡಿದಳು, ಮುಚ್ಚಿದಳು, ಮತ್ತೆ ಬಿಚ್ಚಿದಳು. ಬರುವಾಗ ದಾರಿಯಲ್ಲಿ ಬ್ರೆಡ್ಡು ಕೊಳ್ಳಲು ನಿಂತವಳು ಅಂಗಡಿಯವನ ಎದುರು ಸುಮ್ಮನೆ ನಕ್ಕಳು. ಅವನು ಗಲಿಬಿಲಿಗೊಂಡು ಚಿಲ್ಲರೆ ಜಾಸ್ತಿ ಕೊಟ್ಟ. ಅತ್ತೆ ಸೊಸೆ ಇಬ್ಬರೂ ಬೀದಿಯುದ್ದಕ್ಕೂ ನಕ್ಕರು. ನಂತರ ವಾಪಸ್ ಹೋಗಿ ಹೆಚ್ಚಿನ ಚಿಲ್ಲರೆ ಕೊಟ್ಟು ಬಂದರು.

ಆ ರಾತ್ರಿ ಸೊಸೆ ಬಾಯಿ ಬಿಡಲಿಲ್ಲ. ನಾಳೆ ಕೂಟ ಮುಗಿಯಲಿ, ಮೆಲ್ಲಗೆ ಹೇಳೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ಮರುದಿನ ಮಧ್ಯಾಹ್ನ ಮಗ ಬಿಳಿ ಶರ್ಟು ತೊಟ್ಟು, ಕನ್ನಡಿಯ ಮುಂದೆ ಬಲಗೈ ಎತ್ತಿ ಅಭ್ಯಾಸ ಮಾಡುತ್ತಿದ್ದ. ಬಣ್ಣದವನು ವ್ಯಾನು ತರುವವನಿದ್ದ. ಗುಬ್ಬಿ ಓಡಿ ಬಂದು, "ಅಪ್ಪಾ, ಅಮ್ಮ ಎಷ್ಟು ಚೆನ್ನಾಗಿ ನಗ್ತಾಳೆ ನೋಡು!" ಎಂದಿತು.

ಮಗನ ಕೈ ಮೇಲೆಯೇ ನಿಂತಿತು. "ಬಾಯಿ ತೆಗಿ."

ಸೊಸೆ ಹಿಂದಕ್ಕೆ ಸರಿದಳು.

"ಬಾಯಿ ತೆಗೀ ಅಂದೆ!" ಅವಳ ದವಡೆ ಹಿಡಿದು ಅದುಮಿದ. ನೋಡಿದ. "ಕಿತ್ತು ಬಿಸಾಕು."

"ಕೀಳೋಕೆ ಬರಲ್ಲ. ಕಟ್ಟಿದ್ದು."

"ನಾನು ಕಟ್ಟಿಸಿದ್ದು ಕಣೋ, ಅವಳದೇನೂ ತಪ್ಪಿಲ್ಲ" ಎಂದು ಗುಂಡಿಯಮ್ಮ ನಡುವೆ ಬಂದಳು. ಅವನಿಗೆ ಅದು ಕೇಳಿಸಲೇ ಇಲ್ಲ.

"ಅಷ್ಟು ಜನರ ಮುಂದೆ ನಾನು ಹಲ್ಲು ಮುರಿದೆ ಅಂತ ಸಾಕ್ಷಿ ಹೇಳ್ಬೇಕು, ನೀನು ಹಲ್ಲು ಕಿಸೀತಾ ಕೂತಿರ್ಬೇಕು! ನನ್ನನ್ನ ಸುಳ್ಳುಗಾರ ಮಾಡ್ತೀಯಾ?"

ಮೊದಲ ಗುದ್ದಿಗೆ ಅವಳು ಬಾಗಿಲ ಚೌಕಟ್ಟಿಗೆ ಬಡಿದಳು. ಎರಡನೆಯದಕ್ಕೆ ನೆಲಕ್ಕೆ ಬಿದ್ದಳು. ದವಡೆಯಲ್ಲಿ ಏನೋ ಮುರಿದ ಸದ್ದಾಯಿತು. ಹಲ್ಲು ಮಾತ್ರ ಗಟ್ಟಿಯಾಗಿ ಕೂತಿತ್ತು. ಅದನ್ನು ಕಂಡು ಅವನು ಮತ್ತೂ ಕೆರಳಿದ. ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆ ಎಳೆದು, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದು, ಇಕ್ಕಳ ತೆಗೆದ. ಅವಳ ಪ್ಲಾಸ್ಟರಿನ ಕೈಯ ಮೇಲೆ ಮೊಣಕಾಲೂರಿ ಕೂತ. ಪ್ಲಾಸ್ಟರ್ ಒಡೆಯಿತು. ಮುರಿದ ದವಡೆಯಿಂದ ಬರುತ್ತಿದ್ದ ಕೂಗು ಮನುಷ್ಯರದಾಗಿರಲಿಲ್ಲ.

"ಅಪ್ಪಾ! ಅಪ್ಪಾ ಬೇಡ! ಅಪ್ಪಾ!"

ಗುಂಡಿಯಮ್ಮ ಹಿಂದಿನಿಂದ ಮಗನ ಕುತ್ತಿಗೆಗೆ ಜೋತುಬಿದ್ದಳು. ಅವನು ತಿರುಗಿ ನೋಡದೆಯೇ ಇಕ್ಕಳದ ಕೈ ಬೀಸಿದ. ಕಬ್ಬಿಣ ಅವಳ ಎಡಗಿವಿಯ ಮೇಲೆ ಬಿತ್ತು. ಹೊಲಿಗೆಯ ಮೇಜಿನ ಮೇಲೆ ಹೋಗಿ ಬಿದ್ದಳು, ಮೇಜು ಮಗುಚಿತು. ಇಕ್ಕಳ ಅವನ ಕೈ ಜಾರಿ ಎಲ್ಲೋ ಹೋಯಿತು. ಅವನು ಬರಿಗೈಯನ್ನೇ ಹೆಂಡತಿಯ ಬಾಯೊಳಕ್ಕೆ ಹಾಕಿದ್ದ. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೂ ಗುಂಡಿಯಮ್ಮ ತೆವಳಿಕೊಂಡು ಹೋಗಿ ಆ ಮೊಣಕೈಯನ್ನು ಕಚ್ಚಿದಳು. ಹಾಲು ಕುಡಿಸಿ ಬೆಳೆಸಿದ ತೋಳು. ರಕ್ತ ಬರುವವರೆಗೂ ಬಿಡಲಿಲ್ಲ.

ಅಷ್ಟರಲ್ಲಿ ಬಣ್ಣದವನು ಒಳಗೆ ನುಗ್ಗಿದ. ಇಸ್ತ್ರಿ ಮಾಡಿದ ಬಟ್ಟೆ, ಎಣ್ಣೆ ಹಾಕಿ ಬಾಚಿದ ತಲೆ. ಒಂದು ಕ್ಷಣ ಕಲ್ಲಾಗಿ ನಿಂತವನು, ಮಗನ ಸೊಂಟ ಹಿಡಿದು ಎತ್ತಿ ಗೋಡೆಗೆ ಒಗೆದ. ಮಗ ಎದ್ದು ಅವನ ಮೂಗಿಗೆ ಗುದ್ದಿದ. ಇಬ್ಬರೂ ಉರುಳಾಡಿದರು. ಕೊನೆಗೆ ಬಣ್ಣದವನು ಅವನನ್ನು ಮಕಾಡೆ ಕೆಡವಿ ಬೆನ್ನ ಮೇಲೆ ಕೂತು, ಮೂಗಿನಿಂದ ರಕ್ತ ಸುರಿಸುತ್ತ, ಅಳುತ್ತ, ಜೇಬಿನಿಂದ ಫೋನು ತೆಗೆದ. "ಕ್ಷಮಿಸಣ್ಣ. ಕ್ಷಮಿಸಣ್ಣ" ಎನ್ನುತ್ತಲೇ ಪೊಲೀಸರಿಗೆ ವಿಳಾಸ ಹೇಳಿದ.

ಆಸ್ಪತ್ರೆಯಲ್ಲಿ ಸೊಸೆಯ ದವಡೆಗೆ ತಂತಿ ಕಟ್ಟಿ ಬಿಗಿದರು. ಬಾಯಿ ತೆರೆಯುವ ಹಾಗಿಲ್ಲ. ಬರೆಯುವ ಕೈಗೆ ಮತ್ತೆ ಪ್ಲಾಸ್ಟರ್. ಗುಂಡಿಯಮ್ಮನ ಎಡಗಿವಿಗೆ ಹೊಲಿಗೆ ಬಿದ್ದು ಆ ಕಡೆ ಏನೂ ಕೇಳದಂತಾಗಿತ್ತು. ಪೊಲೀಸ್ ಹೆಣ್ಣುಮಗಳೊಬ್ಬಳು ಬಂದು ಬಲಗಡೆ ಕುರ್ಚಿ ಎಳೆದು ಕೂತಳು.

"ನಿಮ್ಮ ಮಗ ಹೇಳ್ತಾನೆ, ಹೆಂಡತಿ ಬಚ್ಚಲಲ್ಲಿ ಜಾರಿದ್ಲು, ಎತ್ತೋಕೆ ಹೋದಾಗ ಗೆಳೆಯ ತಪ್ಪು ತಿಳ್ಕೊಂಡ ಅಂತ. ಹಿಂದೆಯೂ ಹೀಗೇ ಜಾರಿದ್ಲಂತೆ. ಬೇಕಾದ್ರೆ ಕ್ಲಿನಿಕ್ಕಲ್ಲಿ ಕೇಳಿ ಅಂತಾನೆ."

ಬಾಗಿಲ ಬಳಿ ಮೂಗಿಗೆ ಹತ್ತಿ ತುರುಕಿಕೊಂಡು ನಿಂತಿದ್ದ ಬಣ್ಣದವನು, "ಆ ನೆಲದಲ್ಲಿ ಜಾರೋಕೆ ಆಗಲ್ಲ ಮೇಡಂ. ನಾನೇ..." ಎಂದವನು ಅರ್ಧಕ್ಕೇ ನಿಲ್ಲಿಸಿದ. ಗುಂಡಿಯಮ್ಮನನ್ನು ನೋಡಿದ. ಮೊದಲ ಸಲದ ಬಚ್ಚಲೂ ಸುಳ್ಳೆಂದು ಅವನಿಗೆ ಆಗ ತಿಳಿಯಿತು. ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

"ಇವರು ಬಂದಿದ್ದು ಕೊನೇಲಿ," ಎಂದಳು ಪೊಲೀಸಿನವಳು. "ನಿಮ್ಮ ಸೊಸೆಗೆ ಮಾತಾಡೋಕಾಗಲ್ಲ. ಮೊದಲಿಂದ ನೋಡಿದ ದೊಡ್ಡವರು ನೀವೊಬ್ಬರೇ. ಸಾಕ್ಷಿ ಹೇಳ್ತೀರಾ ಅಮ್ಮ?"

"ನನ್ನ ಹತ್ರ ಸಾಕ್ಷಿ ಇಲ್ಲ ತಾಯಿ," ಎಂದು ಗುಂಡಿಯಮ್ಮನ ಬಾಯಿ ರೂಢಿಯಂತೆ ಆಡಿಬಿಟ್ಟಿತು. "ಸಾಕ್ಷಿ ಹೇಳೋದು ನನ್ನ ಮಗ."

ಪೊಲೀಸಿನವಳು ಅವಳ ಮುಖವನ್ನೇ ನೋಡಿದಳು. ತಲೆಗೆ ಪೆಟ್ಟು ಬಿದ್ದು ಹೀಗಾಡುತ್ತಿದ್ದಾಳೋ ಏನೋ ಎಂದುಕೊಂಡಿರಬೇಕು. ಮೆಲ್ಲಗೆ ಹೇಳಿದಳು: "ಹೊಡೆದವನು ಅವನು, ಅಮ್ಮ. ಅವನೇ ಹೊಡೆದು ಅವನೇ ಸಾಕ್ಷಿ ಹೇಳೋಕಾಗತ್ತಾ?"

ಗುಂಡಿಯಮ್ಮ ಮಂಚದ ಕಡೆ ತಿರುಗಿ ಸೊಸೆಯ ತಂತಿ ಬಿಗಿದ ಬಾಯಿ ನೋಡಿದಳು.

ಆಗ ಪಾಸ್ಟರು ಬಂದರು. ಕೂಟದಿಂದ ನೇರವಾಗಿ ಓಡಿ ಬಂದಿದ್ದರು, ಬೆವರುತ್ತಿದ್ದರು. ಪೊಲೀಸಿನವಳು ಫೋನಿಗೆಂದು ಹೊರಗೆ ಹೋದಾಗ ಕೆಳದನಿಯಲ್ಲಿ ಹೇಳಿದರು: "ಅಮ್ಮ, ಅವನು ಮಾಡಿದ್ದು ಘೋರ. ನಾನು ಇಲ್ಲ ಅನ್ನಲ್ಲ. ಆದ್ರೆ ಠಾಣೆ, ಕೋರ್ಟು ಅಂತ ಹೋದ್ರೆ ಹೊರಗಿನವರು ನಮ್ಮನ್ನೆಲ್ಲ ನೋಡಿ ನಗ್ತಾರೆ. ದೇವರ ಹೆಸರಿಗೇ ಮಸಿ. ಸಭೆಯೊಳಗೇ ಬಗೆಹರಿಸೋಣ. ನಾಲ್ಕು ದಿನ ತಾಳಿ."

ಗುಂಡಿಯಮ್ಮ ಬಲಗಿವಿಯನ್ನು ಅವರ ಕಡೆ ತಿರುಗಿಸಿ ಪೂರ್ತಿ ಕೇಳಿಸಿಕೊಂಡಳು.

"ಅಯ್ಯಾ, ಹೊಡೆದವನನ್ನ ಎಷ್ಟು ಭಾನುವಾರ ಎದ್ದು ನಿಲ್ಲಿಸಿ ಕೇಳಿದ್ವಿ ನಾವು?"

ಪಾಸ್ಟರು ಬಾಗಿಲ ಕಡೆ ನೋಡಿದರು.

"ಹೊಡೆಸ್ಕೊಂಡವಳು ಅಲ್ಲೇ ಕೂತಿದ್ಲಲ್ಲ. ಒಂದು ಸಲ, ಒಂದೇ ಒಂದು ಸಲ, ನೀನು ಹೇಳಮ್ಮ ಅಂದ್ರಾ? ನೀವು ಅನ್ಲಿಲ್ಲ. ನಾನೂ ಅನ್ಲಿಲ್ಲ. ಈಗ ಅವಳಿಗೆ ಬಾಯಿಲ್ಲ."

ಮಂಚದ ಮೇಲೆ ಸೊಸೆ ಕಣ್ಣು ತೆರೆದಿದ್ದಳು. ಪಾಸ್ಟರು ಅವಳತ್ತ ನೋಡಿದರು. ತಂತಿ, ಊದಿಕೊಂಡ ಮುಖ, ದಿಂಬಿನ ಮೇಲೆ ಇಳಿಯುತ್ತಿದ್ದ ಎಂಜಲು. ಅವರು ಕರವಸ್ತ್ರ ತೆಗೆದು ಆ ಎಂಜಲನ್ನು ಒರೆಸಿದರು. ಆಮೇಲೆ ಎದ್ದು ಹೋಗಿ ಪೊಲೀಸಿನವಳನ್ನು ತಾವೇ ಒಳಗೆ ಕರೆದರು.

ಗುಂಡಿಯಮ್ಮ ಮೊದಲಿನಿಂದ ಹೇಳಿದಳು. ಅಡುಗೆ ಕಟ್ಟೆ, ಕಡ್ಡಿ ಮುರಿದ ಸದ್ದು, ಇಕ್ಕಳ. ನಡುವೆ ಎಲ್ಲೂ ಅಳಲಿಲ್ಲ. "ಬಚ್ಚಲು ಅಂತ ಹೇಳಿದ್ದು ನಾನು. ಕಿಟಕಿ ಮುಚ್ಚಿದ್ದೂ ನಾನು. ಅದನ್ನೂ ಸೇರಿಸ್ಕೊಳ್ಳಿ" ಎಂದಳು. ಪೊಲೀಸಿನವಳು ತಲೆಯೆತ್ತಿ ನೋಡಿ, ಸೇರಿಸಿಕೊಂಡಳು.

ಹೊರಗೆ ಬೆಂಚಿನ ಮೇಲೆ ಬಣ್ಣದವನು ಗುಬ್ಬಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. "ಅಮ್ಮಾ, ಅಣ್ಣಂದೇ ಸುಳ್ಳಾದ್ರೆ ನನ್ನದೇನು? ಅವರ ಮಾತು ಕೇಳಿ ತಾನೆ ನಾನು ಬಾಟ್ಲಿ ಬಿಟ್ಟಿದ್ದು?"

"ಇವತ್ತು ಕುಡಿದ್ಯಾ?"

"ಇಲ್ಲ. ಕುಡೀಬೇಕು ಅನ್ಸ್ತಿ​ದೆ. ತುಂಬ ಅನ್ಸ್ತಿದೆ."

"ಅನ್ಸ್ತಿದ್ರೂ ಕೂತಿದೀಯಲ್ಲ ಇಲ್ಲಿ. ಅದೇನು ಅವನ ಕೆಲಸನಾ?" ಗುಂಡಿಯಮ್ಮ ಅವನ ಪಕ್ಕ ಕೂತಳು. "ಅವನು ಬರೀ ದಾರಿ ತೋರಿಸಿದ ಕಂಬ ಕಣಪ್ಪ. ಕಂಬ ಬಿದ್ರೆ ದಾರಿ ಎದ್ದು ಹೋಗಲ್ಲ. ನನ್ನನ್ನ ಕ್ಷಮಿಸು. ನಿನ್ನ ಕೈಲಿ ಬಚ್ಚಲಿಗೆ ಬಣ್ಣ ಬಳಿಸಿದೆ."

ಬಣ್ಣದವನು ಉಗುರಿನ ಸಂದಿಯ ಬಣ್ಣ ಕೆರೆದ. "ಗಟ್ಟಿ ಬಣ್ಣ ಅಮ್ಮ. ಹತ್ತು ವರ್ಷ ಹೋಗಲ್ಲ" ಎಂದ.

ಮರುದಿನ ಅವಳು ಎರಡು ಅಡುಗೆ ಮಾಡಿದಳು. ಸೊಸೆಗೆ ಕೊಳವೆಯಲ್ಲಿ ಇಳಿಯುವಂಥ ತೆಳು ಗಂಜಿ. ಇನ್ನೊಂದು ಡಬ್ಬಿಗೆ ಅನ್ನ, ಅದರ ಮೇಲೆ ಹುರಿದ ಮೊಟ್ಟೆ.

"ಅದು ಯಾರಿಗೆ?" ಎಂದಿತು ಗುಬ್ಬಿ.

"ನಿಮ್ಮಪ್ಪನಿಗೆ."

"ಅಪ್ಪನಿಗ್ಯಾಕೆ?"

"ತಿಂದು ಗಟ್ಟಿಯಾಗಿರ್ಲಿ. ಅನುಭವಿಸೋದು ತುಂಬ ಇದೆ."

ಠಾಣೆಯಲ್ಲಿ ಮಗ ಕಂಬಿಯ ಹಿಂದೆ ಗೋಡೆಗೆ ಒರಗಿ ಕೂತಿದ್ದ. ಬಿಳಿ ಶರ್ಟು ಕಂದಾಗಿತ್ತು. ಮೊಣಕೈಗೆ ಬಟ್ಟೆ ಸುತ್ತಿದ್ದ. ತಾಯಿಯನ್ನು ಕಂಡವನೇ ಕಂಬಿಗೆ ಬಂದು ಬಡಿದ.

"ನೀನಾ ಹೇಳಿದ್ದು?"

"ಹೂಂ."

"ಏನಂತ?"

"ನೋಡಿದ್ದನ್ನ."

"ವಾಪಸ್ ತಗೋ. ಪೆಟ್ಟು ಬಿದ್ದು ತಲೆ ಸರಿ ಇರ್ಲಿಲ್ಲ ಅಂತ ಹೇಳು. ಎಷ್ಟು ಜನರ ನಂಬಿಕೆ ಹಾಳಾಗತ್ತೆ ಗೊತ್ತಾ ನಿನಗೆ? ಆ ಪಾಪ ನಿನ್ನ ತಲೆಗೇ ಸುತ್ಕೊಳತ್ತೆ!"

"ಸುತ್ಕೊಳ್ಲಿ. ಊಟ ಮಾಡು."

ಕಂಬಿಯ ಸಂದಿಯಿಂದ ಅವಳು ಒಳಗಿಟ್ಟ ಡಬ್ಬಿಯನ್ನು ಅವನು ಎತ್ತಿ ಅವಳ ಮುಖಕ್ಕೇ ಎಸೆದ. ಕಂಬಿಗೆ ತಗುಲಿ ಡಬ್ಬಿ ಒಳಗೇ ಬಿತ್ತು. ಅನ್ನ ಅವಳ ಕೊರಳು, ಎದೆ, ಕಿವಿಯ ಪಟ್ಟಿಯ ಮೇಲೆಲ್ಲ ಸಿಡಿಯಿತು. ಕಾವಲಿನವನು ಲಾಠಿ ಎತ್ತಿಕೊಂಡು ಬಂದ. "ಹೊಡೀಬೇಡಪ್ಪ," ಎಂದು ಗುಂಡಿಯಮ್ಮ ಅವನಿಗೆ ಅಡ್ಡ ನಿಂತಳು. "ಹೊಡೆದು ಬುದ್ಧಿ ಬರೋದಾಗಿದ್ರೆ ನಮ್ಮ ಮನೇಲಿ ಎಲ್ಲರಿಗೂ ಯಾವತ್ತೋ ಬರ್ತಿತ್ತು."

ಮಗ ಕಂಬಿ ಹಿಡಿದುಕೊಂಡೇ ಕುಸಿದ. "ದೇವರು ನನ್ನನ್ನ ಕ್ಷಮಿಸಿದಾನೆ," ಎಂದು ಅಳತೊಡಗಿದ. "ನಿನ್ನೆ ರಾತ್ರಿನೇ ಕ್ಷಮಿಸಿದ. ನನಗೆ ಗೊತ್ತಾಯ್ತು."

"ಕ್ಷಮಿಸಿರ್ಬಹುದು. ಅದು ನಿಮ್ಮಿಬ್ಬರ ವ್ಯವಹಾರ. ದವಡೆ ಅವಳದು."

ಅವಳು ಸೆರಗಿನಿಂದ ಕೊರಳು ಒರೆಸಿಕೊಂಡು, ನೆಲಕ್ಕೆ ಬಿದ್ದ ಅಗುಳುಗಳನ್ನು ಗುಡ್ಡೆ ಮಾಡಿ ಎತ್ತಿದಳು. ಡಬ್ಬಿಯ ತಳದಲ್ಲಿ ಸ್ವಲ್ಪ ಅನ್ನ ಉಳಿದಿತ್ತು. ಅದನ್ನು ಕಂಬಿಯ ಮೂಲಕ ಕೈ ಹಾಕಿ ಅವನ ಕಡೆಗೆ ಸರಿಸಿದಳು. ಅವನು ಆ ಕೈಯನ್ನು ಹಿಡಿದುಕೊಂಡ. ಬಿಗಿಯಾಗಿ, ಮೂಳೆ ನೋಯುವಷ್ಟು ಬಿಗಿಯಾಗಿ. ಹೊಡೆಯಲಿಕ್ಕೋ, ಬೇಡಲಿಕ್ಕೋ, ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ. ಅವಳು ಕೈ ಕಿತ್ತುಕೊಳ್ಳಲಿಲ್ಲ. ಅವನ ಹಿಡಿತ ತಾನಾಗಿ ಸಡಿಲುವವರೆಗೆ ಕಾದು, ಆಮೇಲೆ ಹಿಂದಕ್ಕೆ ತೆಗೆದುಕೊಂಡಳು.

"ನಾಳೆ ಬರ್ತೀಯಾ ಅಮ್ಮ?"

ಗುಂಡಿಯಮ್ಮನಿಗೆ ಎಡಗಿವಿ ಕೇಳದು. ಬಲಗಿವಿಯನ್ನು ಅವನ ಕಡೆ ತಿರುಗಿಸಿ, ಇನ್ನೊಮ್ಮೆ ಹೇಳಿಸಿಕೊಂಡಳು.

"ಬರ್ತೀನಿ," ಎಂದಳು. "ಊಟ ತಗೊಂಡು ದಿನಾ ಬರ್ತೀನಿ. ಕರೆದ ದಿನ ಕೋರ್ಟಿಗೂ ಬರ್ತೀನಿ."